ಬ್ಯಾನರಿಗೆ ಅಡ್ಡವಾದ ಮದುಮಗಳು

ಮದುಮಗಳಿಗೆ ಅರಿಶಿನ ಹಚ್ಚುವಾಗ ಸೋಬಾನೆ ಹಾಡು ನಡುವೆ ನಿಲ್ಲಬಾರದೆಂಬುದು ಪುಟ್ಟತಾಯಮ್ಮನ ಕೇರಿಯ ಕಟ್ಟಳೆ. ಮಿರ್ಲೆ ಸುತ್ತಿನ ಎಷ್ಟೋ ಹೆಣ್ಣುಮಕ್ಕಳನ್ನು ಅವಳು ಹಾಗೆಯೇ ಹಾಡಿ ಹಸೆಗೆ ಏರಿಸಿದ್ದಳು. ಅವಳು ಹಾಡಿದರೆ ಗೆಳತಿ ಜವರಮ್ಮ ಹಿಂದಿನಿಂದ ಅದೇ ಸಾಲನ್ನು ತಿರುಗಿ ಹಾಡಿ ಸೊಲ್ಲು ಕೊಡುವಳು. ಕೂಲಿಯೆಂದರೆ ಎಲೆ ಅಡಿಕೆ, ಬೀಗರ ಕಡೆಯವರಿಂದ ಒಂದಿಷ್ಟು ತಮಾಷೆಯ ಬೈಗುಳ.

ಆಮೇಲೆ ಸರ್ಕಾರಕ್ಕೆ ಜನಪದದ ಮೇಲೆ ಪ್ರೀತಿ ಹುಟ್ಟಿತು. ಜವರಮ್ಮ ಸೋಬಾನೆ ಸಂಘದ ಅಧ್ಯಕ್ಷೆಯಾದಳು. ಅನುದಾನದಲ್ಲಿ ಒಂದೇ ಬಣ್ಣದ ಸೀರೆ, ಮೈಕು, ಬ್ಯಾನರು ಬಂದವು. ಮಂಡಿನೋವಿನ ಪುಟ್ಟತಾಯಮ್ಮ ಊರೂರು ತಿರುಗಲಾರದೆ, ತನಗೆ ಗೊತ್ತಿದ್ದ ಹಾಡನ್ನೆಲ್ಲ ಸಂಘಕ್ಕೆ ಕಲಿಸಿಕೊಟ್ಟಳು.

"ನಿನ್ ಮೊಮ್ಮಗಳ ಅರಿಶ್ನಕ್ಕೆ ನಾವೇ ಬತ್ತೀವಿ ಕಣೆ, ಬುಡು," ಎಂದು ಜವರಮ್ಮ ಮಾತು ಕೊಟ್ಟಿದ್ದಳು.

ಬಂದರು ಕೂಡ. ಆಟೊ ಇಳಿದವರೇ ಚಪ್ಪರಕ್ಕೆ ಬ್ಯಾನರು ಕಟ್ಟಿದರು. ಮೊಮ್ಮಗಳು ರೂಪಶ್ರೀ ಮಣೆಯ ಮೇಲೆ ಕೂತಿದ್ದಳು. ಅವಳ ತಲೆ ಬ್ಯಾನರಿಗೆ ಅಡ್ಡ.

"ಒಸಿ ಪಕ್ಕಕ್ ಜರುಗವ್ವ," ಎಂದ ಸಂಘದ ಕಾರ್ಯದರ್ಶಿ ಕಿರಣ್‌ಕುಮಾರ್, ಮೊಬೈಲು ಎತ್ತಿ. "ಫೋಟೋದಾಗೆ ಇಲಾಖೆ ಎಸ್ರು ಕಾಣ್ಬೇಕು."

ಮದುಮಗಳು ಮಣೆಸಮೇತ ಜರುಗಿದಳು. ಸಂಘದ ಹೆಂಗಸರು ಅವಳತ್ತ ಬೆನ್ನು ತಿರುಗಿಸಿ, ಮೊಬೈಲಿಗೆ ಮುಖಮಾಡಿ ಹಾಡತೊಡಗಿದರು. ಅರಿಶಿನ ಇನ್ನೂ ಮೊಣಕಾಲು ಮುಟ್ಟಿರಲಿಲ್ಲ, ಕಿರಣ್‌ಕುಮಾರ್ "ಆಯ್ತು, ಸಾಕು" ಎಂದ. ಹಾಡು ನಲ್ಲಿ ತಿರುಗಿಸಿದಂತೆ ನಿಂತಿತು.

"ಯಾಕ್ಲಾ ನಿಲ್ಸಿದ್ದು?" ಪುಟ್ಟತಾಯಮ್ಮ ಕೇಳಿದಳು.

"ಇನ್ನೂ ಎರಡೂರು ಬಾಕಿ ಅದೆ ಕಣಜ್ಜಿ. ಕತ್ಲಾದ್ರೆ ಫೋಟೋ ಬರಾಕಿಲ್ಲ. ಫೋಟೋ ಇಲ್ದಿದ್ರೆ ಮುಂದಿನ ಕಂತು ಬರಾಕಿಲ್ಲ."

ಅವಳು ಗೆಳತಿಯ ಕಡೆ ತಿರುಗಿದಳು. "ನೀನೂ ಹೊಂಟ್ಯಾ, ಜವರಿ?"

ಜವರಮ್ಮ ಬ್ಯಾನರಿನ ಗಂಟು ಬಿಚ್ಚುತ್ತಿದ್ದಳು. "ಅಂಗಲ್ಲ ಕಣೆ. ಅರ್ಧಕ್ಕೆ ಬುಟ್ಟೋದ್ರೆ ಬ್ಯಾರೆಯೋರು ಜಗಳಕ್ ಬತ್ತಾರೆ. ನೀನಾದ್ರೆ ನಮ್ಮೋಳು ಅಂತ... ಪೆನ್‌ಡ್ರೈವ್ ಕೊಟ್ಟೋಗ್ತೀನಿ. ನಿನ್ ಹಾಡೇ ಅವೆ ಅದ್ರಾಗೆ."

"ಅರಿಶ್ನಾನೂ ಅದ್ರಾಗೇ ತುಂಬ್ಕೊಟ್ಟೋಗೇ!"

ಯಾರೋ ನಕ್ಕರು. ಜವರಮ್ಮ ಬ್ಯಾನರು ಸುತ್ತಿ ಕಂಕುಳಿಗಿಟ್ಟುಕೊಂಡು ಹೊರಟಳು.

ಪುಟ್ಟತಾಯಮ್ಮ ಮೊಮ್ಮಗಳ ಪಕ್ಕ ಕುಳಿತು ಹಾಡು ಎತ್ತಿದಳು. ಒಂದು ಸಾಲು ಮುಗಿಸಿ ಸೊಲ್ಲಿಗೆ ಕಾದಳು. ಸೊಸೆಯಂದಿರು ಮುಖ ಮುಖ ನೋಡಿಕೊಂಡರು. ಸಂಘವಾದಾಗಿನಿಂದ ಕೇರಿಯಲ್ಲಿ ಹಾಡುವುದು ಸಂಘದವರ ಕೆಲಸವಾಗಿತ್ತು. ಹೊರಗೆ ಆಟೊ ಸ್ಟಾರ್ಟಾಯಿತು.

ಸೊಲ್ಲನ್ನೂ ಅವಳೇ ಕೊಟ್ಟುಕೊಂಡು ಮುಂದಿನ ಸಾಲಿಗೆ ಹೋದಳು.