ಡಾಕ್ಟರ ಮುಂದೆ ಕುಂಟದ ನಾಯಿ

"ದಾಕ್ಷವ್ವಾ, ಇನ್ನ ಮ್ಯಾಲ ನಿನ್ನ ಕೇಳದ ಈ ಮನ್ಯಾಗಿನ ಎಳೀ ಬಾಯಾಗ ನಾ ಏನೂ ಹಾಕೂದಿಲ್ಲ. ದೇವರ ಜಗಲಿ ಮುಟ್ಟಿ ಹೇಳತೇನಿ" ಎಂದು ಕಾಶೆವ್ವ ಸೊಸೆಗೆ ಮಾತು ಕೊಟ್ಟದ್ದು ಮೊಮ್ಮಗಳು ಲಕ್ಷ್ಮೀ ಇನ್ನೂ ತೊಟ್ಟಿಲಲ್ಲಿದ್ದಾಗ. ಕೂಸು ನೆಮ್ಮದಿಯಾಗಿ ಮಲಗಲಿ ಎಂದು ಜಾಜಿಕಾಯಿ ತೇಯ್ದು ನೆಕ್ಕಿಸಿದ್ದಳು. ತೇಯ್ದದ್ದು ಒಂದಿಷ್ಟು ಹೆಚ್ಚಾಗಿತ್ತು. ಅಲುಗಿಸಿದರೂ ಕೂಸು ಏಳಲಿಲ್ಲ. ಇಡೀ ದಿನ ದವಾಖಾನೆಯ ಬಾಕಿನ ಮೇಲೆ ಕಳೆದು, ಸಂಜೆ ಅದು ಕಣ್ಣು ಬಿಟ್ಟು ಚೀರಿದಾಗ ಮನೆಯವರಿಗೆ ಹೋದ ಜೀವ ಬಂದಿತ್ತು.

ಆ ಮಾತನ್ನು ಕಾಶೆವ್ವ ಉಳಿಸಿಕೊಂಡಳು. ಬರೀ ಉಳಿಸಿಕೊಂಡಿದ್ದರೆ ಚಿಂತೆಯಿರಲಿಲ್ಲ, ಸೊಸೆಯ ತಲೆ ತಿನ್ನುವಷ್ಟು ಉಳಿಸಿಕೊಂಡಳು. ದಾಕ್ಷಾಯಿಣಿ ಗೋಕಾಕ ಡಿಪೋದಲ್ಲಿ ಕಂಡಕ್ಟರ್. ಹುಕ್ಕೇರಿ ಬಸ್ಸು ಧುಪದಾಳದ ಹತ್ತಿರ ಬರುವ ಹೊತ್ತಿಗೆ, ಕಾಲೂರಲು ಜಾಗವಿಲ್ಲದ ಗದ್ದಲದಲ್ಲಿ, ಒಂದು ಕೈಯಲ್ಲಿ ಟಿಕೆಟ್ ಮಷೀನು ಹಿಡಿದು ಇನ್ನೊಂದರಲ್ಲಿ ಕಂಬಿ ಹಿಡಿದಿದ್ದಾಗಲೇ ಫೋನು ಬರುತ್ತಿತ್ತು.

"ದಾಕ್ಷವ್ವಾ, ಹುಡಿಗಿ ಪೇರಲ ಹಣ್ಣ ಬೇಡಾಕತ್ತೈತಿ. ಕೊಡ್ಲೇನ?"

"ಕೊಡ್ರಿ ಅತ್ತಿ, ಕೊಡ್ರಿ!"

"ಏನ ಕೊಡ್ಬೇಕಬೇ? ಆಧಾರ ಕಾರ್ಡ ಆಗಳೇ ತೋರ್ಸೇನಿ" ಎಂದು ಬಾಜೂ ನಿಂತ ಮುದುಕಿ ಜಗಳಕ್ಕೆ ಬರುತ್ತಿದ್ದಳು.

ಹೀಗೆ ಕೇಳಿ ಕೇಳಿಯೇ ಲಕ್ಷ್ಮೀ ಬೆಳೆದು ಹೈಸ್ಕೂಲು ಸೇರಿದಳು. ಇನ್ನು ಫೋನಿನ ಕಾಟ ತಪ್ಪಿತು ಎನ್ನುವಷ್ಟರಲ್ಲಿ ಮನೆಗೆ ಇನ್ನೊಂದು ಎಳೆಯ ಬಾಯಿ ಬಂತು.

ತಂದವನು ಗಂಡ ಶಿವಕುಮಾರ. ಪಂಪಿನ ಮೋಟಾರು ರಿಪೇರಿಯ ಅಂಗಡಿ ಇಟ್ಟವನು. ಹುಕ್ಕೇರಿಯ ಗೆಳೆಯ ರಾವಸಾಹೇಬ ಜರ್ಮನ್ ಶೆಫರ್ಡ್ ಸಾಕಿ ಮರಿ ಮಾರುತ್ತಿದ್ದ. "ಸಣ್ಣದೈತಿ, ಒಂದ ಮೂಲ್ಯಾಗ ಬಿದ್ದಿರತೈತಿ" ಎಂದು ಹೇಳಿ ಶಿವಕುಮಾರ ಒಂದನ್ನು ಬಗಲಲ್ಲಿ ಇಟ್ಟುಕೊಂಡು ಬಂದ. ಆ ಮೂಲೆ ಯಾವುದೆಂದು ದಾಕ್ಷಾಯಿಣಿಗೆ ಇಂದಿಗೂ ತಿಳಿದಿಲ್ಲ. ಬಂಟಿ ಎಂದು ಹೆಸರಿಟ್ಟ ಆ ಪ್ರಾಣಿ ಮೊದಲು ಮಂಚದ ಕೆಳಗೆ ಹಿಡಿಸುತ್ತಿತ್ತು, ಆಮೇಲೆ ಮಂಚವೇ ಅದಕ್ಕೆ ಹಿಡಿಸದಾಯಿತು. "ನನ್ನ ನಾಯಿ" ಎನ್ನುತ್ತಿದ್ದಳು ಲಕ್ಷ್ಮೀ. "ನಮ್ಮ ನಾಯಿ" ಎನ್ನುತ್ತಿದ್ದ ಶಿವಕುಮಾರ. ಹೇಲು ಬಳಿಯುವ ಹೊತ್ತಿಗೆ ಮಾತ್ರ ಅದು ದಾಕ್ಷಾಯಿಣಿಯ ನಾಯಿ ಆಗುತ್ತಿತ್ತು.

ಮರಿಗೆ ಆರೇಳು ತಿಂಗಳಾಗಿರಬೇಕು. ಒಂದು ಮುಂಜಾನೆ ಮುಂದಿನ ಎಡಗಾಲನ್ನು ಎತ್ತಿ ಎತ್ತಿ ಇಟ್ಟಿತು. ಸಂಜೆಗೆ ಏನೂ ಇಲ್ಲ, ಅಂಗಳದ ತುಂಬ ಕುಣಿದಾಡಿತು. ಮರುದಿನ ಹಿಂದಿನ ಬಲಗಾಲು ಕುಂಟಿತು.

"ಉಳುಕೇತಿ" ಎಂದ ಶಿವಕುಮಾರ.

"ದೃಷ್ಟಿ ಆಗೇತಿ" ಎಂದಳು ಕಾಶೆವ್ವ.

"ನಾಟಕ ಮಾಡತೈತಿ" ಎಂದಳು ಬಾಜೂ ಮನೆಯ ಉದ್ದವ್ವ, ಗೋಡೆಯ ಆಚೆಯಿಂದ ಇಣುಕಿ. "ನಿನ್ನೆ ಯಾವ ಕಾಲ ಕುಂಟಿದ್ನಿ ಅನ್ನೂದರ ನೆನಪ ಇಟ್ಕೋಬ್ಯಾಡೇನ ಬಾಡ್ಯಾ!"

ಗೋಕಾಕದಲ್ಲಿ ಎಮ್ಮೆ ಆಕಳು ನೋಡುವವರಿಗೆ ಬರವಿರಲಿಲ್ಲ. ನಾಯಿಗೆ ಮಾತ್ರ ಮೂಡಲಗಿಯ ಡಾಕ್ಟರ್ ತಬಸ್ಸುಮ ಅವರೇ ಆಗಬೇಕು ಎಂದು ಯಾರೋ ಹೇಳಿದರು. ವಾರಕ್ಕೊಂದೇ ರಜೆ, ತೊಳೆಯದ ಬಟ್ಟೆಗಳ ಗುಡ್ಡೆ ಬಿದ್ದಿತ್ತು. ಅದನ್ನು ಹಾಗೇ ಬಿಟ್ಟು, ಅಂಗಡಿಯ ಸಾಮಾನಿನ ಆಟೋದಲ್ಲಿ ನಾಯಿಯನ್ನು ಹತ್ತಿಸಿಕೊಂಡು, ಅದರ ಜೊಲ್ಲನ್ನು ದಾರಿಯುದ್ದಕ್ಕೂ ಸೆರಗಿನಿಂದ ಒರೆಸುತ್ತ ದಾಕ್ಷಾಯಿಣಿ ಗಂಡನ ಜೊತೆ ಮೂಡಲಗಿಗೆ ಹೋದಳು.

ದವಾಖಾನೆಯ ಅಂಗಳದಲ್ಲಿ ಬಂಟಿ ಪೊಲೀಸ್ ಪರೇಡಿಗೆ ಬಂದ ಹಾಗೆ ನಡೆಯಿತು. ಕಾಲು ಒಂದಿಷ್ಟೂ ಅಳುಕಲಿಲ್ಲ.

"ಯಾವ ಕಾಲ್ರಿ ಅಕ್ಕಾರ?" ಎಂದರು ಡಾಕ್ಟರು.

"ಮೊನ್ನೆ ಮುಂದಿಂದ ಎಡಗಾಲ್ರಿ. ನಿನ್ನೆ ಹಿಂದಿಂದ ಬಲಗಾಲ್ರಿ."

"ಇವತ್ತ?"

"ಇವತ್ತ ನನ್ನ ತಲೀರಿ."

ಡಾಕ್ಟರು ನಕ್ಕರು. "ಇವು ಹಂಗ ಅಕ್ಕಾರ. ಹೊಸ ಜಾಗಾ ಕಂಡ್ರ ಖುಷಿಯಾಗಿ ನೋವು ಮರತಬಿಡತಾವ. ಮನ್ಯಾಗ ಕುಂಟಿದಾಗ ಫೋನಿನ್ಯಾಗ ವಿಡಿಯೋ ಮಾಡ್ಕೊಂಡ ಬರ್ರಿ."

ಗೋಕಾಕಕ್ಕೆ ಮರಳಿ ಮನೆಯ ಮುಂದೆ ಆಟೋ ನಿಂತಿತು. ಬಂಟಿ ಕೆಳಗೆ ಜಿಗಿದು ನಾಲ್ಕು ಹೆಜ್ಜೆ ಹಾಕಿ ಕುಂಟಿತು. ದಾಕ್ಷಾಯಿಣಿ ನಡುಬೀದಿಯಲ್ಲೇ ನಿಂತು ನಾಯಿಗೆ ಎರಡೂ ಕೈ ಜೋಡಿಸಿದಳು.

ಮುಂದಿನ ರಜೆಗೆ ಮತ್ತೆ ಮೂಡಲಗಿ. ಈ ಸಲ ಲಕ್ಷ್ಮೀ ತೆಗೆದ ವಿಡಿಯೋ ಇತ್ತು. ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಒಂದೊಂದೇ ಕಾಲಿನ ಉದ್ದ ಎಲುಬನ್ನು ಮೇಲಿಂದ ಕೆಳಗಿನವರೆಗೆ ಒತ್ತುತ್ತ ಬಂದರು. ಅಲ್ಲಿಯವರೆಗೆ ಅವರ ಕೈ ನೆಕ್ಕುತ್ತಿದ್ದ ಬಂಟಿ ಒಂದು ಕಡೆ ಒತ್ತಿದಾಗ ಕುಂಯ್ ಎಂದು ಮೈ ಕುಗ್ಗಿಸಿತು. ಎಕ್ಸ್‌ರೇಯೂ ಆಯಿತು. ಸೊಂಟದ ಕೀಲು, ಮೊಣಕೈ ಕೀಲು ಎಲ್ಲ ನೆಟ್ಟಗಿದ್ದವು.

"ದೊಡ್ಡ ಜಾತಿ ನಾಯಿ ಅಕ್ಕಾರ. ಎಲುಬು ಭಾಳ ಜಲ್ದಿ ಬೆಳೀತಾವ, ಒಳಗ ನೋವು ಬರತೈತಿ. ಇಂದ ಈ ಕಾಲ, ನಾಳೆ ಆ ಕಾಲ. ಬೆಳವಣಿಗಿ ಮುಗದ ಮ್ಯಾಲ ತಾನ ಹೋಗತೈತಿ, ಅಂಜಬ್ಯಾಡ್ರಿ. ಆದ್ರ ಮೈ ಭಾರ ಆಗಬಾರದು. ಈಗಳೇ ಭಾಳ ಐತಿ. ಏನೇನ ಹಾಕತೀರಿ?"

ಶಿವಕುಮಾರ ಎದೆ ಉಬ್ಬಿಸಿದ. "ಏನೂ ಕಮ್ಮಿ ಮಾಡಿಲ್ರಿ ಮೇಡಮ್ಮಾರ. ಚರಿಗಿ ತುಂಬ ಹಾಲು, ಮ್ಯಾಲ ತುಪ್ಪ. ಎಲುಬ ಗಟ್ಟಿ ಆಗ್ಲಿ ಅಂತ ನಮ್ಮ ಕಾಕಾನ ಎಮ್ಮಿಗೆ ಹಾಕೂ ಕ್ಯಾಲ್ಸಿಯಂ ಬಾಟ್ಲಿ. ಮುಂಜಾನೆ ಗೋಕಾಕ ಫಾಲ್ಸ್ ರೋಡಿಗೆ ಬೈಕಿನ ಹಿಂದ ಓಡಸತೇನ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು.

"ಎಮ್ಮಿ ಬಾಟ್ಲಿ ಎಮ್ಮಿಗೇ ಇರ್ಲಿ ಅಣ್ಣಾರ. ನೀವು ಪ್ರೀತಿ ಮಾಡಾಕ ಹೋಗಿ ಅದರ ಕಾಲ ಕೆಡಸಾಕತ್ತೀರಿ."

ಹಾಲು ಬೇಡ, ತುಪ್ಪ ಬೇಡ, ಕ್ಯಾಲ್ಸಿಯಂ ಮುಟ್ಟಲೇಬಾರದು, ಸಿಹಿ ಬೇಡ, ಒಣದ್ರಾಕ್ಷಿಯಂತೂ ನಾಯಿಗೆ ವಿಷ. ಅಳೆದು ಹಾಕಬೇಕು. ಓಟ, ಜಿಗಿತ, ಮೆಟ್ಟಿಲು ಬಂದ್. ಹಗ್ಗ ಹಿಡಿದು ಸಾವಕಾಶ ಒಂದಿಷ್ಟು ಅಡ್ಡಾಡಿಸಬೇಕು. ನೋವಿಗೆ ತಾವು ಕೊಟ್ಟ ಗುಳಿಗೆ ಬಿಟ್ಟು ಮನುಷ್ಯರ ಗುಳಿಗೆ ಕೊಡಕೂಡದು. ತಿಂಗಳು ಬಿಟ್ಟು ತೂಕಕ್ಕೆ ಕರೆತರಬೇಕು. ಇಷ್ಟು ಹೇಳಿ ಡಾಕ್ಟರು ಮುಂದಿನ ನಾಯಿಯನ್ನು ಕರೆದರು.

ಮನೆಗೆ ಬಂದ ಶಿವಕುಮಾರ ಹೋಗಿ ಹೋಗಿ ರಾವಸಾಹೇಬನಿಗೆ ಫೋನು ಹಚ್ಚಿದ. ಸ್ಪೀಕರಿನಲ್ಲಿ ಅವನ ದನಿ ಪಡಸಾಲೆಯ ತುಂಬ ಕೇಳಿತು. "ಕುಂಟ ನಾಯಿ ಕಟ್ಕೊಂಡ ಏನ ಮಾಡತೀಯೋ? ತಂದ ಬಿಡು. ಹೊಸಾ ಮರಿ ಹಾಕೇತಿ, ಒಂದ ಒಯ್ಯು."

ನಾಯಿ ತೊಲಗುತ್ತದೆ ಎಂದರೆ ದಾಕ್ಷಾಯಿಣಿ ಊರಿಗೆಲ್ಲ ಪೇಢಾ ಹಂಚಬೇಕಿತ್ತು. ಆದರೆ ಲಕ್ಷ್ಮೀ ಊಟದ ತಾಟು ಸರಿಸಿ ಕುಳಿತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಗದರಿಸಬಹುದಿತ್ತು.

"ಅಲ್ಲಿ ಕುಂಟ ನಾಯಿನ್ನ ಏನ ಮಾಡತಾರ ಮಮ್ಮಿ? ಅದನ್ನ ಯಾರ ತಗೋತಾರ?"

ದಾಕ್ಷಾಯಿಣಿ ತಾಟನ್ನು ಮತ್ತೆ ಮಗಳ ಮುಂದೆ ಸರಿಸಿದಳು.

"ಒಂದ ತಿಂಗಳ ತಡೀರಿ" ಎಂದಳು ಗಂಡನಿಗೆ. "ತೂಕ ಇಳದು ಕುಂಟೂದು ಕಮ್ಮಿ ಆತಂದ್ರ ನಾಯಿ ಇಲ್ಲೇ ಇರತೈತಿ."

"ಆಗಲಿಲ್ಲಂದ್ರ?"

"ಒಯ್ರಿ. ನಾ ಒಂದ ಮಾತ ಆಡೂದಿಲ್ಲ."

ಮಾತು ಆಡಿದ್ದು ಅವಳು, ಹೀಗಾಗಿ ದುಡಿತವೂ ಅವಳದೇ. ಬೆಳಗಿನ ಡ್ಯೂಟಿಗೆ ಹೊರಡುವ ಮುಂಚೆ ಬಟ್ಟಲಿನಿಂದ ಅಳೆದು ಹಾಕುವಳು. ಸಂಜೆ, ದಿನವೆಲ್ಲ ನಿಂತು ಬಾತ ತನ್ನ ಕಾಲುಗಳನ್ನು ಎಳೆದುಕೊಂಡು, ಒಂದು ಕಾಲು ಕುಂಟುವ ನಾಯಿಯನ್ನು ಅಡ್ಡಾಡಿಸುವಳು. "ಇಬ್ರೊಳಗ ಕುಂಟಾವ್ರು ಯಾರಬೇ?" ಎಂದು ಉದ್ದವ್ವ ಕಟ್ಟೆಯ ಮೇಲಿಂದ ಕೇಳುವಳು. ಶಿವಕುಮಾರ ಎಮ್ಮೆಯ ಬಾಟ್ಲಿಯನ್ನು ಕಾಕಾನಿಗೆ ಕೊಟ್ಟು ಬಂದ, ಬೈಕಿನ ಓಟ ನಿಲ್ಲಿಸಿದ. ಲಕ್ಷ್ಮೀ ನಾಯಿಯ ಕಣ್ಣು ತಪ್ಪಿಸಿ, ಬೆನ್ನು ತಿರುಗಿಸಿ ರೊಟ್ಟಿ ತಿಂದಳು.

ಇಷ್ಟೆಲ್ಲ ಮಾಡಿದರೂ ಬಂಟಿ ಅಗಲವಾಗುತ್ತಲೇ ಹೋಯಿತು. ತಿಂಗಳು ತುಂಬಿ ಮೂಡಲಗಿಯಲ್ಲಿ ತೂಗಿದರೆ ತೂಕ ಇಳಿದಿರಲಿಲ್ಲ, ಚೆನ್ನಾಗಿ ಏರಿತ್ತು. ಈ ಸಲ ಅದು ಡಾಕ್ಟರ ಮುಂದೆಯೂ ಕುಂಟಿತು.

"ಅಕ್ಕಾರ, ಇದು ಗಾಳಿ ಕುಡದ ದಪ್ಪ ಆಗಿಲ್ಲ" ಎಂದರು ಡಾಕ್ಟರು. "ನಿಮ್ಮ ಮನ್ಯಾಗ ಯಾರೋ ಹಾಕಾಕತ್ತಾರ."

ಅಂದು ಮನೆಯಲ್ಲಿ ಪಂಚಾಯಿತಿ ನಡೆಯಿತು. ಶಿವಕುಮಾರ ತಾಯಿಯ ತಲೆ ಮೇಲೆ ಕೈಯಿಟ್ಟು ತಾನಲ್ಲ ಎಂದ. ಲಕ್ಷ್ಮೀ ಈಗ ಅತ್ತಳು. "ನಮ್ಮ ಮನ್ಯಾಗ ಉಳದದ್ದು ತಿನ್ನಾಕ ನಿಮ್ಮ ನಾಯಿ ಯಾಕ ಬೇಕು, ನಮ್ಮ ಮನೀ ಗಂಡಸ ಸಾಲದೇನ?" ಎಂದಳು ಉದ್ದವ್ವ. ಕಾಶೆವ್ವನನ್ನು ಯಾರೂ ಕೇಳಲಿಲ್ಲ. ಪೇರಲ ಹಣ್ಣಿಗೂ ಫೋನು ಮಾಡುವ ಮುದುಕಿಯನ್ನು ಕೇಳುವುದಾದರೂ ಏನು? ರವಿವಾರ ಮುಂಜಾನೆ ಬಂಟಿಯನ್ನು ಹುಕ್ಕೇರಿಗೆ ಒಯ್ಯುವುದು ಎಂದು ಶಿವಕುಮಾರ ಹೇಳಿದ. ದಾಕ್ಷಾಯಿಣಿ ಒಂದು ಮಾತೂ ಆಡಲಿಲ್ಲ.

ಶನಿವಾರ ಮಮದಾಪುರದ ಹತ್ತಿರ ಬಸ್ಸು ಹೊಗೆ ಬಿಟ್ಟು ನಿಂತಿತು. ಬೈಗುಳವನ್ನೆಲ್ಲ ಕೇಳಿಸಿಕೊಂಡು, ಜನರನ್ನು ಹಿಂದೆ ಬಂದ ಬಸ್ಸಿಗೆ ಹತ್ತಿಸಿ, ಡಿಪೋದಲ್ಲಿ ಲೆಕ್ಕ ಒಪ್ಪಿಸಿ ದಾಕ್ಷಾಯಿಣಿ ಎಂದೂ ಇಲ್ಲದ ಹಾಗೆ ಮಧ್ಯಾಹ್ನ ಮನೆಗೆ ಬಂದಳು. ಮುಂಬಾಗಿಲಿಗೆ ಚಿಲಕವಿರಲಿಲ್ಲ, ಬರೀ ಮುಂದೆ ಮಾಡಿತ್ತು. ಹಿತ್ತಲ ಬಾಗಿಲಿನ ಹೊಸ್ತಿಲ ಮೇಲೆ ಕಾಶೆವ್ವ ಕುಳಿತಿದ್ದಳು. ಬಂಟಿಯ ದೊಡ್ಡ ತಲೆ ಅವಳ ತೊಡೆಯ ಮೇಲಿತ್ತು. ಬಾಜೂ ಸ್ಟೀಲ್ ಡಬ್ಬಿ. ಮುದುಕಿ ಅಂಟಿನುಂಡಿ ಮುರಿದು ಮುರಿದು ನಾಯಿಯ ಬಾಯಿಗೆ ಇಡುತ್ತಿದ್ದಳು. ಬೆಲ್ಲ, ತುಪ್ಪ, ಒಣಕೊಬ್ಬರಿ, ಉತ್ತತ್ತಿ, ಹುರಿದ ಅಂಟು ಹಾಕಿ ಬಾಣಂತಿಗೆ ಕಟ್ಟಿಕೊಡುವ ಉಂಡಿ.

"ಅತ್ತೀ!"

ಮುದುಕಿ ಬೆಚ್ಚಿದಳು. ನಾಯಿ ಬಾಲ ಬಡಿಯಿತು.

"ಮಣೂಕ ಹಾಕೀರೇನ್ರಿ ಇದರಾಗ? ಒಣದ್ರಾಕ್ಷಿ? ಡಾಕ್ಟರು ವಿಷ ಅಂದಿದ್ರು!"

"ಇಲ್ಲವ್ವಾ. ಅದಕ್ಕ ಸೇರೂದಿಲ್ಲ, ಉಗಳತೈತಿ. ಇವು ಇದರ ಸಲುವಾಗೇ ಬ್ಯಾರೆ ಕಟ್ಟಿದ್ದು."

ನಾಯಿಗೇ ಬೇರೆ ಕಟ್ಟಿದ್ದು! ದಾಕ್ಷಾಯಿಣಿ ಟಿಕೆಟ್ ಚೀಲವನ್ನು ಹೆಗಲಿನಿಂದ ಇಳಿಸದೆಯೇ ಹೊಸ್ತಿಲ ಬಳಿ ಕುಳಿತಳು.

"ನಾ ಬಟ್ಟಲದಾಗ ಅಳದು ಹಾಕತೇನಿ, ನೀವು ಡಬ್ಬಿಗಟ್ಲೆ ಸುರೀತೀರಿ. ಯಾಕ್ರಿ ಅತ್ತೀ?"

"ಎಲುಬ ನೋವಂತಲ್ಲ ಅದಕ್ಕ. ಬಾಣಂತಿ ಎಲುಬ ಯಾದರಿಂದ ಗಟ್ಟಿ ಆಗತಾವ? ಇಡೀ ದಿನ ಬಸ್ಸಿನ್ಯಾಗ ನಿಂದರತಿ, ನಿನ್ನ ಸೊಂಟ ಯಾದರಿಂದ ನಿಂತೇತಿ? ನಾ ತಿನಿಸಿದ್ದ ಅಂಟಿನುಂಡೀಲೆ!"

"ನಾ ಬಾಣಂತಿ ಇದ್ನಿ. ಇದು ನಾಯಿ!"

"ನೋವಿಗೆ ನಾಯಿ ಯಾವದು, ಮನಶ್ಯಾ ಯಾವದು."

"ಒಂದ ಮಾತ ಕೇಳಬೇಕಿಲ್ಲ ನನ್ನ? ಜಗಲಿ ಮುಟ್ಟಿ ಹೇಳಿದವ್ರು ನೀವು."

ಕಾಶೆವ್ವ ಬೆರಳಿಗೆ ಅಂಟಿದ ಬೆಲ್ಲವನ್ನು ಸೆರಗಿಗೆ ಒರೆಸಿಕೊಂಡಳು. "ಕೇಳಿದ್ರ ನೀ ಬ್ಯಾಡ ಅಂತಿದ್ದಿ. ಅದಕ್ಕ ಕೇಳಲಿಲ್ಲ."

ದಾಕ್ಷಾಯಿಣಿ ಡಬ್ಬಿ ಕಸಿದುಕೊಂಡು ಒಳಗೆ ಹೋದಳು. ಗಂಡನಿಗೆ ಹೇಳಲಿಲ್ಲ. ಹೇಳಿದರೆ ಅತ್ತೆಯ ಮಾನ ಹೋಗುತ್ತಿತ್ತು, ಹೇಳದಿದ್ದರೆ ಮಗಳ ನಾಯಿ. ರೊಟ್ಟಿ ಬಡಿಯುವ ಸಪ್ಪಳ ಅಂದು ಓಣಿಗೆಲ್ಲ ಕೇಳುವಷ್ಟಿತ್ತು.

ಸಂಜೆ ಶಿವಕುಮಾರ ಆಟೋದಲ್ಲಿ ನಾಯಿಗೆಂದು ಗೋಣಿಚೀಲ ಹಾಸುತ್ತಿದ್ದ. ಲಕ್ಷ್ಮೀ ಬಂಟಿಯ ಕೊರಳು ತಬ್ಬಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದಳು. ಕಾಶೆವ್ವ ಮೊಣಕಾಲು ಹಿಡಿದುಕೊಂಡು ಹೊರಗೆ ಬಂದಳು.

"ಶಿವ್ಯಾ, ಗೋಣಿಚೀಲ ತಗಿ. ನಾಯಿ ಹೋಗೂದಿಲ್ಲ."

"ಅವ್ವಾ, ನೀ ಸುಮ್ನ ಕುಂದರು. ಅಳದು ಹಾಕಿದ್ರೂ ಊದಾಕತ್ತೈತಿ, ಇದರ ತಳಿನ ಸುಮಾರ ಐತಿ."

"ತಳಿ ಚಲೋ ಐತಿ. ನಾ ತಿನಿಸೇನಿ. ದಿನಾ ಮಧ್ಯಾಹ್ನ, ನೀವೆಲ್ಲ ಹ್ವಾದಮ್ಯಾಲ. ಅಂಟಿನುಂಡಿ."

ಶಿವಕುಮಾರ ಕೈಯಲ್ಲಿದ್ದ ಚೀಲ ಬಿಟ್ಟು ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಆ ರಾವಸಾಹೇಬಗ ಫೋನ ಹಚ್ಚು" ಎಂದಳು ಕಾಶೆವ್ವ. "ಕೆಟ್ಟದ್ದು ನಾಯಿ ಅಲ್ಲ, ನಮ್ಮ ಮುದುಕಿ ಅಂತ ಹೇಳು. ಬದಲ ಮಾಡ್ಕೊಡಾಂವ ಇದ್ರ ನನ್ನ ಒಯ್ದು ಅಲ್ಲಿ ಬಿಡು, ಬ್ಯಾರೆ ಅವ್ವನ್ನ ತಗೊಂಡ ಬಾ."

ಲಕ್ಷ್ಮೀ ಅಳುತ್ತಲೇ ಕಿಸಕ್ಕನೆ ನಕ್ಕಳು. ಶಿವಕುಮಾರ ತಲೆ ಕೆರೆದುಕೊಂಡ. ಕೊನೆಗೆ ಫೋನು ಹಚ್ಚಿ "ನಾಳೆ ಬರೂದಿಲ್ಲಪ್ಪ, ನಾಯಿ ಇಲ್ಲೇ ಇರತೈತಿ" ಎಂದು ಅಷ್ಟೇ ಹೇಳಿ ಇಟ್ಟ.

"ಆತು" ಎಂದಳು ದಾಕ್ಷಾಯಿಣಿ. "ಈಗ ಇನ್ನೊಮ್ಮೆ ಜಗಲಿ ಮುಟ್ಟಿ ಹೇಳ್ರಿ ಅತ್ತಿ, ಇನ್ನ ಹಾಕೂದಿಲ್ಲ ಅಂತ."

"ಇಲ್ಲವ್ವಾ, ಹೇಳೂದಿಲ್ಲ. ಅದು ಬಂದು ತೊಡಿ ಮ್ಯಾಲ ತಲಿ ಇಟ್ರ ನನ್ನ ಕೈ ನನ್ನ ಮಾತ ಕೇಳೂದಿಲ್ಲ. ಅಂಟು, ಬೆಲ್ಲ, ತುಪ್ಪ ಎಲ್ಲಾ ನಿನ್ನ ಕಪಾಟಿನ್ಯಾಗ ಇಡು. ಕೀಲಿ ಹಾಕ್ಕೊಂಡ ಡ್ಯೂಟಿಗೆ ಹೋಗು."

ಹಾಗೆಯೇ ಆಯಿತು. ಬಂಟಿ ಮನೆಯಲ್ಲೇ ಉಳಿಯಿತು, ಮರುದಿನ ಮುಂಜಾನೆ ಬಲಗಾಲು ಕುಂಟಿತು. ಜಗಲಿ ಮುಟ್ಟಿ ಕೊಟ್ಟ ಹಳೆಯ ಮಾತನ್ನು ಕಾಶೆವ್ವ ಮುರಿದಿದ್ದಳು, ಅದಕ್ಕೇ ಈಗ ಕಪಾಟಿನ ಕೀಲಿ ದಾಕ್ಷಾಯಿಣಿಯ ಟಿಕೆಟ್ ಚೀಲದಲ್ಲಿತ್ತು.