ಮಹರಾಯ್ತಿಗೊಂದು ಮನೆ

"ಕಚ್ಚುತ್ತೆ," ಎಂದ ಮೆಕ್ಯಾನಿಕ್, ಬಾಗಿಲಿಗೆ ಅಡ್ಡ ನಿಂತು.

ನಾಯಿ ನೋಡಲು ಬಂದಿದ್ದ ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. ಗಂಡ ಮೆತ್ತನೆಯ ಮನುಷ್ಯ; ಆಸೆಪಟ್ಟು ಹೊಸ ಕೊರಳಪಟ್ಟಿಯನ್ನೂ ಕೈಯಲ್ಲಿ ಹಿಡಿದು ತಂದಿದ್ದ. ಹೆಂಡತಿ ಮೆಕ್ಯಾನಿಕ್‌ನ ಹೆಗಲಾಚೆ ಕತ್ತು ಚಾಚಿ ಒಳಗೆ ಇಣುಕಿದಳು. ಊಟದ ಮೇಜಿನ ಕೆಳಗೆ, ಗೋಡೆಗೆ ಬೆನ್ನೊತ್ತಿಕೊಂಡು, ಬೂದು ಬಣ್ಣದ ನಾಯಿಯೊಂದು ಹಳದಿ ಸ್ವೆಟರಿನ ಮೇಲೆ ಮುದುಡಿಕೊಂಡಿತ್ತು.

"ನೋಡಿದ್ರೆ ಹಾಗೆ ಅನ್ಸಲ್ವಲ್ಲ?"

"ನೋಡೋಕೆ ಎಲ್ಲರೂ ಸಾಧುಗಳೇ ಅಮ್ಮ. ಮೊನ್ನೆ ಸಿಲಿಂಡರ್ ತಂದವನ ಪ್ಯಾಂಟು ಹರಿದು ಹಾಕ್ತು."

ಶುದ್ಧ ಸುಳ್ಳು. ಕಚ್ಚುವುದಿರಲಿ, ಆ ನಾಯಿ ಗಟ್ಟಿಯಾಗಿ ಬೊಗಳಿದ್ದನ್ನೂ ಅವನು ಕೇಳಿರಲಿಲ್ಲ. ಬಂದವರು ಮೆಟ್ಟಿಲಿಳಿದು ಹೋದ ಮೇಲೆ ಬಾಗಿಲು ಹಾಕಿ, "ಹೋದ್ರು ಕಣೆ," ಎಂದ ಮೇಜಿನ ಕಡೆ ತಿರುಗಿ. ಅವನ ದನಿ ಕೇಳಿದ್ದೇ ನಾಯಿ ಇನ್ನಷ್ಟು ಗೋಡೆಗೆ ಒತ್ತಿಕೊಂಡಿತು.

ಅದನ್ನು ಮನೆಗೆ ಕರೆತಂದವಳು ಅವನ ಹೆಂಡತಿ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅವಳು ರಜೆಯ ದಿನ ಬಂದರೆ ಸಾಕು, ಬೀಡಾಡಿ ನಾಯಿಗಳ ಆಶ್ರಯಧಾಮಕ್ಕೆ ಹೋಗಿ ಗೂಡು ತೊಳೆದು, ಕಜ್ಜಿಗೆ ಮುಲಾಮು ಹಚ್ಚಿ, ಮೈಯೆಲ್ಲ ರೋಮ ಅಂಟಿಸಿಕೊಂಡು ಬರುತ್ತಿದ್ದಳು. ಒಂದು ಸಲ ರೋಮದ ಜೊತೆಗೆ ನಾಯಿಯೂ ಬಂತು.

"ಸ್ವಲ್ಪ ದಿನ ರೀ. ಒಳ್ಳೆ ಮನೆ ಸಿಗೋವರೆಗೆ. ಅಲ್ಲಿನ ಗಲಾಟೇಲಿ ಇದು ತುತ್ತು ಮುಟ್ತಿಲ್ಲ."

"ಸಾಕೋದಾದ್ರೆ ಸಾಕು, ಬಿಡೋದಾದ್ರೆ ಬಿಡು. ಇದೇನು ಅತ್ತಲೂ ಇಲ್ಲ ಇತ್ತಲೂ ಇಲ್ಲ?"

"ಬಸ್ಸಿಗೆ ಕಾಯೋರು ಕೂತ್ಕೊಳ್ಳೋಕೆ ಒಂದು ಬೆಂಚು ಬೇಡ್ವಾ? ನಾವು ಬೆಂಚು ಅಷ್ಟೇ."

ಬಂದ ಸಂಜೆಯೇ ಅವನ ಸೊಂಟದ ಬೆಲ್ಟು ಕಂಡು ನಾಯಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತ್ತು. ಸ್ಪ್ಯಾನರು, ಸ್ಕ್ರೂ ಡ್ರೈವರು, ಟಾರ್ಚು ನೇತಾಡುವ ದಪ್ಪ ಚರ್ಮದ ಬೆಲ್ಟು ಅದು. ಲಿಫ್ಟ್ ರಿಪೇರಿಗೆಂದು ಗುಂಡಿಯೊಳಗೆ ಇಳಿಯುವವನಿಗೆ ಮೂರನೆಯ ಕೈ ಇದ್ದ ಹಾಗೆ. ಹೆಂಡತಿ ಬಟ್ಟೆ ತಂದು ಮಂಡಿಯೂರಿ ನೆಲ ಒರೆಸಿದಳು. "ಇದಕ್ಕೆ ಯಾರೋ ಬೆಲ್ಟಲ್ಲಿ ಬಡಿದಿದ್ದಾರೆ ರೀ," ಎಂದಳು. ಅವತ್ತಿನಿಂದ ಅವನು ಬಾಗಿಲ ಹೊರಗೇ ಆ ಬೆಲ್ಟನ್ನೂ, ಪ್ಯಾಂಟಿನ ಬೆಲ್ಟನ್ನೂ ಬಿಚ್ಚಿಟ್ಟು ಒಳಗೆ ಬರಬೇಕಾಯಿತು. "ಮನೆ ಯಜಮಾನ ಪ್ಯಾಂಟು ಹಿಡ್ಕೊಂಡು ಮನೆ ಸೇರೋ ಹಾಗಾಯ್ತಲ್ಲೇ!" ಎಂದು ಅವನು ಗೊಣಗಿದರೆ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕೂತು ಅವನ ಪ್ಯಾಂಟುಗಳಿಗೆಲ್ಲ ಎಲಾಸ್ಟಿಕ್ ಹೊಲಿದಳು.

ನಾಯಿಗೆ ಅವಳಿಟ್ಟ ಹೆಸರು ಮಹರಾಯ್ತಿ. "ಏಳಮ್ಮ ಮಹರಾಯ್ತಿ, ಸವಾರಿ ಹೊರಡಲಿ," ಎಂದು ದಿನಾ ಅದರ ಮುಂದೆ ಮಂಡಿಯೂರಿ ಕೂತು ರಮಿಸಿ ರಮಿಸಿ, ಕೊನೆಗೆ ಅದು ಅವಳ ಸೆರಗಿಗೆ ಗಂಟು ಬಿದ್ದಂತೆ ಹಿಂದೆ ಹಿಂದೆ ತಿರುಗತೊಡಗಿತು. ಅವನ ಹತ್ತಿರ ಮಾತ್ರ ಸುಳಿಯಲಿಲ್ಲ. "ನಿಧಾನ ರೀ, ಮದುವೆಯಾದ ಹೊಸದರಲ್ಲಿ ನೀವೂ ಹೀಗೇ ಮೂಲೆ ಹಿಡಿದು ಕೂರ್ತಿದ್ರಿ," ಎನ್ನುತ್ತಿದ್ದಳು.

ಅವಳು ಹೋದದ್ದು ಹಾಡುಹಗಲು, ಅಂಗಡಿಯಲ್ಲಿ. ತಲೆ ಸಿಡೀತಿದೆ ಎಂದು ಸ್ಟೂಲಿನ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಆ ಹೊತ್ತಿಗೆ ಅವನು ಯಾವುದೋ ಕಟ್ಟಡದಲ್ಲಿ ಎರಡು ಮಹಡಿಗಳ ನಡುವೆ, ಲಿಫ್ಟಿನ ನೆತ್ತಿಯ ಮೇಲೆ ಕೂತು ಉಕ್ಕಿನ ಹಗ್ಗಕ್ಕೆ ಗ್ರೀಸು ಬಳಿಯುತ್ತಿದ್ದ. ಫೋನು ಕೆಳಗೆ ಚೀಲದಲ್ಲಿ ಬಡಿದುಕೊಳ್ಳುತ್ತಲೇ ಇತ್ತು.

ಬಾಮೈದನ ಹೆಂಡತಿ ಒಳ್ಳೆಯ ಹೆಂಗಸು. ಬಂದು ಕೆಲವು ದಿನ ಇದ್ದು ಬೇಯಿಸಿ ಹಾಕಿದಳು. "ಕಣ್ಣೆದುರಿಗಿದ್ರೆ ನೋವು ಜಾಸ್ತಿ ಅಣ್ಣ," ಎಂದು ಕಪಾಟು ಬರಿದು ಮಾಡಿ, ಬಟ್ಟೆಗಳನ್ನೆಲ್ಲ ಒಗೆದು ಮಡಿಸಿ ಯಾರು ಯಾರಿಗೋ ಕೊಟ್ಟಳು. ದಿಂಬಿನ ಚೀಲವನ್ನೂ ಬಿಡದೆ ಸೋಪಿನಲ್ಲಿ ಅದ್ದಿದಳು. ಅವನಿಗೆ ಇದೆಲ್ಲ ಅರಿವಿಗೆ ಬರುವ ಹೊತ್ತಿಗೆ ಮನೆ ಆಸ್ಪತ್ರೆಯ ಕೋಣೆಯ ಹಾಗೆ ಸ್ವಚ್ಛವಾಗಿಬಿಟ್ಟಿತ್ತು. ಅವಳದೆಂದು ಉಳಿದದ್ದು ಮೇಜಿನ ಕೆಳಗಿನ ಹಳದಿ ಸ್ವೆಟರ್ ಒಂದೇ. ನಾಯಿಯ ಕೆಳಗೆ ಕೈ ಹಾಕುವ ಧೈರ್ಯ ಆಕೆಗಾಗಿರಲಿಲ್ಲ.

ಸಂಜೆಯಾದರೆ ಮಹರಾಯ್ತಿ ಮೇಜಿನ ಅಡಿಯಿಂದ ಎದ್ದು ಬಾಗಿಲಿನ ಮುಂದೆ ಕೂರುತ್ತಿತ್ತು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದರೆ ಕಿವಿ ನಿಮಿರುತ್ತಿತ್ತು. ಕುರ್ಚಿಯಲ್ಲಿ ಕೂತ ಅವನೂ ಉಸಿರು ಹಿಡಿಯುತ್ತಿದ್ದ. ಸಪ್ಪಳ ಅವರ ಬಾಗಿಲು ದಾಟಿ ಮೇಲಿನ ಮಹಡಿಗೆ ಹೋಗುತ್ತಿತ್ತು. ಕಿವಿ ಬೀಳುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಹೊರಗೆ ಸುತ್ತಾಡಿಸಲು ಹೋದರೂ ಹಗ್ಗದ ಆ ತುದಿಗೆ ಅದು, ಈ ತುದಿಗೆ ಇವನು. ಹಗ್ಗ ಒಂದು ದಿನವೂ ಸಡಿಲವಾಗಲಿಲ್ಲ.

ಅವನು ಎದುರಿಗಿದ್ದರೆ ಅದು ತಿನ್ನುತ್ತಲೂ ಇರಲಿಲ್ಲ. ಅಡುಗೆಮನೆಯಲ್ಲಿ ತಟ್ಟೆ ಇಟ್ಟು ಅವನು ಈಚೆ ಬಂದು ಮರೆಯಾಗಬೇಕು. ಒಳಗೆ ನಾಲಿಗೆಯ ಲೊಚಲೊಚ ಸದ್ದು ಕೇಳಿದ ಮೇಲೆ ಅವನು ಮೇಜಿನ ಕೆಳಗೆ ಮೊಣಕಾಲೂರಿ ನುಸುಳಿ, ಸ್ವೆಟರನ್ನು ಎತ್ತಿ ಮುಖಕ್ಕೆ ಒತ್ತಿಕೊಳ್ಳುತ್ತಿದ್ದ. ಬರೀ ನಾಯಿಯ ನಾತ. ಆದರೆ ಎಡಗಡೆಯ ತೋಳಿನೊಳಗೆ, ಕಂಕುಳ ಹತ್ತಿರ, ಇನ್ನೂ ಅವಳಿದ್ದಳು. ತಟ್ಟೆ ನೆಕ್ಕುವ ಸದ್ದು ನಿಲ್ಲುವುದರೊಳಗೆ ಹೇಗಿತ್ತೋ ಹಾಗೇ ಇಟ್ಟು, ಕಳ್ಳನಂತೆ ಎದ್ದು ಬರುತ್ತಿದ್ದ.

ಸಿಲಿಂಡರಿನವನ ಪ್ಯಾಂಟಿನ ಕಥೆ ಆಶ್ರಯಧಾಮಕ್ಕೆ ಮುಟ್ಟಲು ತಡವಾಗಲಿಲ್ಲ. ಅಲ್ಲಿನ ಹಿರಿಯಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಆಕೆ ನೇರ ಮನೆಗೇ ಬಂದಳು. ಚಪ್ಪಲಿ ಬಿಟ್ಟವಳೇ ಮೇಜಿನ ಕೆಳಗೆ ಕೈ ಹಾಕಿ ನಾಯಿಯ ಪಕ್ಕೆ ಸವರಿದಳು.

"ಕಚ್ಚುತ್ತಂತೆ? ಕಚ್ಚೋಕೆ ಇದರ ಮೈಯಲ್ಲಿ ಏನಿದೆ ಹೇಳು? ಮೂಳೆ ಚಕ್ಕಳ ಆಗಿದೆ."

ಅವನು ಕುರ್ಚಿಯನ್ನು ಆಕೆಯ ಕಡೆ ಸರಿಸಿದ.

"ನೋಡಪ್ಪ, ನೀನು ಕೆಟ್ಟವನಲ್ಲ. ಆದ್ರೆ ಅದು ನಾಯಿಗೆ ಗೊತ್ತಾಗೋದು ಹೇಗೆ? ನೀನು ಎದ್ದು ನಿಂತ್ರೆ ಸಾಕು, ಅದರ ಜೀವ ಬಾಯಿಗೆ ಬರುತ್ತೆ. ಇದೂ ಒಂದು ಬದುಕಾ?"

"ನಾನೇ ಇಟ್ಕೋತೀನಿ ದೊಡ್ಡಮ್ಮ. ನಿಧಾನಕ್ಕೆ ಹೊಂದ್ಕೊಳುತ್ತೆ."

"ಯಾರಿಗೋಸ್ಕರ ಇಟ್ಕೋತೀಯ?"

ದೊಡ್ಡಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು. ದನಿ ಸ್ವಲ್ಪ ಇಳಿಸಿ, "ಅವಳು ಇದನ್ನ ತಂದಿದ್ದೇ ಕಳಿಸಿಕೊಡೋಕೆ ಕಣೋ," ಎಂದಳು.

ಅದಾದ ಮೇಲೆ ಬಂದವಳು ಹೆರಿಗೆ ವಾರ್ಡಿನ ನರ್ಸ್. ಐವತ್ತರ ಆಸುಪಾಸು, ಒಂಟಿ, ಪಾಳಿ ಮುಗಿಸಿ ನೇರ ಬಂದಿದ್ದಳು. ಕಾಲಲ್ಲಿ ಇನ್ನೂ ಆಸ್ಪತ್ರೆಯ ಬಿಳಿ ಬೂಟಿತ್ತು. "ಎಲ್ಲಿದೆ?" ಎಂದು ಕೇಳಲಿಲ್ಲ. ಮೇಜಿನತ್ತ ಕಣ್ಣೂ ಹಾಯಿಸದೆ, ಅದಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕಾಲು ನೀಡಿ ಕೂತಳು. ಚೀಲದಿಂದ ಕಿತ್ತಳೆ ತೆಗೆದು ಸುಲಿಯುತ್ತ ಅವನ ಜೊತೆ ಅದೂ ಇದೂ ಮಾತಾಡಿದಳು. "ಲಿಫ್ಟ್ ರಿಪೇರಿನಾ? ನಮ್ಮ ಬಿಲ್ಡಿಂಗಿನದೊಂದಿದೆ, ನಾಲ್ಕನೇ ಮಹಡೀಲಿ ನಿಲ್ಲು ಅಂದ್ರೆ ಐದಕ್ಕೆ ಹೋಗಿ ಯೋಚನೆ ಮಾಡುತ್ತೆ."

ಅವನು ನಗಲೆಂದು ಬಾಯಿ ತೆರೆದವನು ಹಾಗೇ ನಿಂತ. ಮಹರಾಯ್ತಿ ಮೇಜಿನ ಕೆಳಗಿಂದ ಹೊಟ್ಟೆಯ ಮೇಲೆ ತೆವಳುತ್ತ ಹೊರಬಂದಿತ್ತು. ಬಂದು ಆಕೆಯ ಬಿಳಿ ಬೂಟನ್ನು ಮೂಸಿತು. ಮೊಣಕೈ ಮೂಸಿತು. ಆಮೇಲೆ ನಿಟ್ಟುಸಿರಿನಂಥದ್ದೊಂದು ಬಿಟ್ಟು, ಗದ್ದವನ್ನು ಆಕೆಯ ತೊಡೆಯ ಮೇಲಿಟ್ಟಿತು. ಅವನ ಹೆಂಡತಿಗೂ ಅಷ್ಟು ಬೇಗ ಒಲಿದಿರಲಿಲ್ಲ. ನರ್ಸ್ ಹಣ್ಣು ಸುಲಿಯುವುದನ್ನು ನಿಲ್ಲಿಸಲಿಲ್ಲ. ಅವಳ ಕಣ್ಣು ಮಾತ್ರ ತುಂಬಿಕೊಂಡವು.

"ಕಚ್ಚಲ್ಲ," ಎಂದ ಮೆಕ್ಯಾನಿಕ್. "ಬೆಲ್ಟ್ ಒಂದು ತೋರಿಸ್ಬೇಡಿ."

ಕಳಿಸುವ ದಿನ ಅವನು ಪೇಟೆಗೆ ಹೋಗಿ ದಪ್ಪನೆಯ ಹೊಸ ಕಂಬಳಿ ತಂದ. ನರ್ಸ್ ಬರುವ ಮೊದಲು, ನಾಯಿ ಅಡುಗೆಮನೆಯಲ್ಲಿದ್ದಾಗ ಸ್ವೆಟರನ್ನೆತ್ತಿ ಕಪಾಟಿನೊಳಗಿಟ್ಟು ಬೀಗ ಹಾಕಿದ. ತಿಂದು ಬಂದ ಮಹರಾಯ್ತಿ ಮೇಜಿನ ಕೆಳಗೆ ಹೋಗಿ ಬರಿನೆಲವನ್ನು ಮೂಸಿತು. ಸುತ್ತಿತು. ಮತ್ತೆ ಮೂಸಿತು. ಮೊದಲ ಸಲ ತಲೆಯೆತ್ತಿ ನೇರ ಅವನ ಮುಖ ನೋಡಿತು. ಅವನು ಕಿಟಕಿಯ ಕಡೆ ತಿರುಗಿ ನಿಂತ.

ಆಮೇಲೆ ಮನೆಯಲ್ಲಿ ಮೆಟ್ಟಿಲ ಸಪ್ಪಳಕ್ಕೆ ಕಿವಿಗೊಡುವವನು ಅವನೊಬ್ಬನೇ ಉಳಿದ.

ನರ್ಸ್ ಫೋನು ಮಾಡಿದಳು. "ಏನೂ ಮುಟ್ತಿಲ್ಲ ಇವ್ರೇ. ನೀರೂ ಅಷ್ಟಕ್ಕಷ್ಟೇ. ಮನೆಯೆಲ್ಲಾ ಹುಡುಕುತ್ತೆ, ಬಾಗಿಲು ಕೆರೆಯುತ್ತೆ. ಅದರದ್ದು ಏನಾದ್ರೂ ನಿಮ್ಮಲ್ಲಿ ಉಳೀತಾ?"

"ಇಲ್ಲ," ಎಂದ ಅವನು.

ಫೋನಿಟ್ಟು ತಟ್ಟೆಯ ಮುಂದೆ ಕೂತವನು ತಾನೂ ತುತ್ತು ಮುಟ್ಟದೆ ಎದ್ದ. ಕಪಾಟಿನ ಬೀಗ ತೆಗೆದು, ಎಡತೋಳಿನೊಳಗೆ ಮೂಗು ತೂರಿಸಿ ಹಾಸಿಗೆಯ ಅಂಚಿನಲ್ಲಿ ಬಹಳ ಹೊತ್ತು ಕೂತ. ಎಷ್ಟು ಸಲ ಎಳೆದುಕೊಂಡರೆ ಅವಳ ವಾಸನೆ ಮುಗಿದುಹೋಗುತ್ತದೋ ಎಂಬ ಹೆದರಿಕೆಯಿಂದ ಉಸಿರನ್ನೂ ಜುಗ್ಗನ ಹಾಗೆ ಎಳೆದುಕೊಂಡ. ಮೇಜಿನ ಕೆಳಗಿಂದ ತನ್ನ ಮುಖ ನೋಡಿದ ಆ ಕಣ್ಣು ಮಾತ್ರ ಅವನ ಮುಂದಿನಿಂದ ಸರಿಯಲಿಲ್ಲ. ಬೆಲ್ಟಿನಲ್ಲಿ ಹೊಡೆದವನು ಯಾರೋ ಏನೋ. ಅವನನ್ನೂ ಅದು ಹಾಗೇ ನೋಡಿರಬೇಕು.

ಮರುದಿನ ಕೆಲಸಕ್ಕೆ ರಜೆ ಹೇಳಿ, ಸ್ವೆಟರನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದ.

ನರ್ಸಿನ ಮನೆ ಚಿಕ್ಕದು, ಬೆಳಕಿನದು. ಕಿಟಕಿಯ ಬಳಿ ಅವನು ತಂದುಕೊಟ್ಟ ಕಂಬಳಿ ಹಾಸಿದ ಹಾಗೇ ಸುಕ್ಕಿಲ್ಲದೆ ಇತ್ತು. ನಾಯಿ ಚಪ್ಪಲಿಯ ಗೂಡಿನ ಪಕ್ಕ ಮುದ್ದೆಯಾಗಿ ಬಿದ್ದಿತ್ತು. ಅವನನ್ನು ಕಂಡು ಎದ್ದು ಓಡುವ ಶಕ್ತಿಯೂ ಇದ್ದಂತಿರಲಿಲ್ಲ. ಅವನು ದೂರದಲ್ಲೇ ಕುಕ್ಕರಗಾಲಲ್ಲಿ ಕೂತು ಚೀಲ ಬಿಚ್ಚಿದ.

ಮೂಗು ಮೊದಲು ಎದ್ದಿತು, ನಾಯಿ ಆಮೇಲೆ. ನಡುಗುವ ಕಾಲಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಅದು ಅವನತ್ತ ಬಂತು. ಇಷ್ಟು ಹತ್ತಿರ ಯಾವತ್ತೂ ಬಂದಿರಲಿಲ್ಲ. ಅದರ ಬಿಸಿಯುಸಿರು ಅವನ ಬೆರಳಿಗೆ ತಾಗಿತು. ಹುಬ್ಬಿನ ಮೇಲೆ ಹಳೆಯ ಗಾಯದ ಕಲೆಯೊಂದು ಇರುವುದನ್ನು ಅವನು ಅವತ್ತೇ ಕಂಡದ್ದು. "ಮಹರಾಯ್ತಿ," ಎಂದ, ಪಿಸುದನಿಯಲ್ಲಿ. ನಾಯಿ ಅವನ ಕೈಯಿಂದ ಸ್ವೆಟರನ್ನು ಬಾಯಲ್ಲಿ ಕಚ್ಚಿಕೊಂಡು, ಅವನತ್ತ ನೋಡದೆ, ಎಳೆದುಕೊಂಡು ಹೋಯಿತು. ಕಿಟಕಿಯ ಬಳಿ ಅದನ್ನು ಕಾಲಿನಿಂದ ಗುಡ್ಡೆ ಮಾಡಿ, ಮೂಗು ಒಳಗೆ ಹುದುಗಿಸಿ ಮಲಗಿತು. ಸ್ವಲ್ಪ ಹೊತ್ತಿಗೆ ನರ್ಸ್ ಹಾಲಿನಲ್ಲಿ ಬ್ರೆಡ್ಡು ಅದ್ದಿ ಕೊಟ್ಟರೆ ಅವಳ ಅಂಗೈಯಿಂದಲೇ ತಿಂದಿತು.

"ಯಾರದ್ದು ಅದು?" ಎಂದಳು ನರ್ಸ್ ಮೆಲ್ಲಗೆ.

"ಮನೆಯವಳದ್ದು."

ಆಕೆ ಕೈಯನ್ನು ಸೀರೆಗೆ ಒರೆಸಿಕೊಂಡಳು. "ಇಲ್ಲಿ ಹೊಂದ್ಕೊಳ್ಳೋವರೆಗೆ ಇರಲಿ. ಆಮೇಲೆ ಬಂದು ತಗೊಂಡು ಹೋಗಿ. ನಾನು ಒಗೆಯಲ್ಲ."

"ಬೇಡ ಬಿಡಿ. ಅಷ್ಟೊತ್ತಿಗೆ ಅದರಲ್ಲಿ ಏನೂ ಇರಲ್ಲ."

"ಆಗಾಗ ಬಂದು ನೋಡ್ಕೊಂಡಾದ್ರೂ ಹೋಗ್ತಿರಿ."

ಅವನು ಹ್ಞೂಂಗುಟ್ಟಿ ಎದ್ದ. ಅವನು ಎದ್ದು ನಿಂತದ್ದೇ ನಾಯಿ ಸ್ವೆಟರನ್ನೂ ಬಿಟ್ಟು ನರ್ಸಿನ ಬೆನ್ನ ಹಿಂದಕ್ಕೆ ಸರಿಯಿತು. ಇಬ್ಬರೂ ಅದನ್ನು ಕಂಡರು. ಇಬ್ಬರೂ ಕಾಣದವರ ಹಾಗೆ ಬಾಗಿಲಿನವರೆಗೆ ನಡೆದರು.

ಹೊರಗೆ ಲಿಫ್ಟು ಬಾಯಿ ತೆರೆದೇ ನಿಂತಿತ್ತು. ಒಳಗೆ ಹೋದ. ಬಾಗಿಲುಗಳು ಕೂಡಿಕೊಂಡವು. ಖಾಲಿ ಚೀಲವನ್ನು ಎರಡು ಮಡಿಕೆ ಮಾಡಿದ, ನಾಲ್ಕು ಮಾಡಿದ, ಇನ್ನು ಮಡಿಸಲಾಗದಷ್ಟು ಸಣ್ಣದು ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡ. ಎದುರಿಗೆ ಮಹಡಿಗಳ ಗುಂಡಿಗಳು ಸಾಲಾಗಿ ಇದ್ದವು. ಅವನ ಕೈ ಏಳಲಿಲ್ಲ. ಯಾವ ಗುಂಡಿಯೂ ಒತ್ತದೆ ಹೀಗೇ ಸ್ವಲ್ಪ ಹೊತ್ತು ಕಳೆದರೆ, ಒಳಗೆ ಯಾರೂ ಇಲ್ಲವೆಂದು ಲಿಫ್ಟು ತಿಳಿದುಕೊಳ್ಳುತ್ತದೆ.

ಮೊದಲು ಫ್ಯಾನು ನಿಂತಿತು. ಆಮೇಲೆ ದೀಪ ಆರಿತು.