ವಿಭೂತಿ ಸಿಗದ ಹಳೆ ರ‍್ಯಾಮ್

ನಾನು ಒಂದು ರ‍್ಯಾಮ್. ಕಂಪ್ಯೂಟರಿನ ನೆನಪಿನ ಪಟ್ಟಿ. ಮೈ ಹಸಿರು, ತಳದಲ್ಲಿ ಸಾಲಾಗಿ ಚಿನ್ನದ ಹಲ್ಲು. ನಾನು ಹುಟ್ಟಿದ ಗಳಿಗೆಯಲ್ಲಿ ಕಾರ್ಖಾನೆಯ ಯಂತ್ರಗಳೆಲ್ಲ ನಿಂತು ನನ್ನನ್ನೇ ನೋಡಿದವು. ಕರೆಂಟು ಹೋಗಿತ್ತು ಎನ್ನುವವರಿದ್ದಾರೆ. ಕರೆಂಟು ಹೋದರೆ ನಾನು ಎಲ್ಲವನ್ನೂ ಮರೆಯುತ್ತೇನೆ ಎನ್ನುವವರೂ ಅವರೇ. ಹಾಗಾದರೆ ಈ ಕಥೆ ಹೇಳುತ್ತಿರುವವರು ಯಾರು?

ಹುಬ್ಬಳ್ಳಿಯ ಫಕ್ಕೀರಪ್ಪನ ಫೋಟೊ ಸ್ಟುಡಿಯೊ ನನ್ನ ಮೊದಲ ಮನೆ. ಅರ್ಧ ಊರಿನ ಮದುವೆ ನಡೆಸಿದವನು ನಾನೇ. ಬೀಗರ ಹೊಟ್ಟೆಯನ್ನು ಒಳಗೆಳೆದದ್ದು, ತೂಕಡಿಸುತ್ತಿದ್ದ ಮದುಮಗನ ಕಣ್ಣು ತೆರೆಸಿದ್ದು ನಾನು. ಹೆಸರು ಬಂದದ್ದು ಫಕ್ಕೀರಪ್ಪನಿಗೆ. ಸ್ಟುಡಿಯೊ ಮುಚ್ಚಿದಾಗ ಅಲ್ಲಿ ಆಲ್ಬಂ ಅಂಟಿಸುತ್ತಿದ್ದ ನೀಲಾಳಿಗೆ ಅವನು ಕಂಪ್ಯೂಟರನ್ನು ಕೊಟ್ಟುಬಿಟ್ಟ.

ನೀಲಾ ಹಗಲು ಬ್ಲೌಸ್ ಹೊಲಿಯುತ್ತಾಳೆ, ಸಂಜೆ ಗೆಳತಿಯರ ಜೊತೆ ಆನ್‌ಲೈನ್ ಗೇಮ್ ಆಡುತ್ತಾಳೆ. ಒಂದು ಪಂದ್ಯದಲ್ಲಿ ಅವರ ತಂಡ ಕೊನೆಯ ಸುತ್ತಿಗೆ ಬಂತು. ಹಳೆಯ ಪ್ರೊಸೆಸರ್ ಏದುಸಿರು ಬಿಡುತ್ತಿತ್ತು. ಅವಳು ಹೊಸ ಪ್ರೊಸೆಸರ್ ಕೊಂಡು, ಅದನ್ನೂ ನನ್ನನ್ನೂ ಕೂರಿಸುವಂಥ ಹೊಸ ಬೋರ್ಡನ್ನೇ ಹುಡುಕಿ ತಂದಳು. ರಾಜನಿದ್ದಾನೆಂದು ಅರಮನೆ ಕಟ್ಟಿಸಿದ ಹಾಗೆ! ಕೈ ಬಿಗಿಯಿತ್ತು ಎಂಬುದು ಸಣ್ಣ ಮಾತು. ಜೊತೆಗೆ ನನ್ನ ಪಕ್ಕಕ್ಕೆಂದು ಒಂದು ಹೊಸ ರ‍್ಯಾಮ್ ಬಂದ. ಕೆಂಪು ಕೋಟು, ತಲೆಯ ಮೇಲೆ ಬಣ್ಣದ ದೀಪ.

ಕೊನೆಯ ಸುತ್ತು ಆಯುಧ ಪೂಜೆಯ ಸಂಜೆ. ಹೊತ್ತಿಗೆ ಸರಿಯಾಗಿ ನೀಲಾ ಬಾರದಿದ್ದರೆ ಇಡೀ ತಂಡವೇ ಹೊರಗೆ. ಮಧ್ಯಾಹ್ನ ಅವಳ ಚಿಕ್ಕಪ್ಪನ ಮಗ ವೀರೇಶ ಎಲ್ಲವನ್ನೂ ಜೋಡಿಸಲು ಬಂದ. ನನ್ನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಇದನ್ಯಾಕ ಇಟ್ಟಿ? ಹೊಸ ಬಂಡಿಗೆ ಮುದಿ ಎತ್ತು ಕಟ್ಟತೀ ಏನು?"

ಎಂದವನೇ ನನ್ನನ್ನು ಸ್ಕ್ರೂ ಡಬ್ಬಿಗೆ ಎಸೆದ. ಅಲ್ಲಿಂದ ಮುಂದಿನ ಊರು ಗುಜರಿ.

ಅಷ್ಟರಲ್ಲಿ ನೀಲಾಳ ತಾಯಿ ಚನ್ನವ್ವ ಪೂಜೆಗೆ ಕೂತಳು. ಹೊಲಿಗೆ ಯಂತ್ರಕ್ಕೆ ವಿಭೂತಿ, ಕತ್ತರಿಗೆ ವಿಭೂತಿ. ಆಮೇಲೆ ತಟ್ಟೆಯಲ್ಲಿಟ್ಟ ಹೊಸ ಸಾಮಾನಿಗೆ. ಕೆಂಪು ಕೋಟಿನವನಿಗೆ ಹಣೆ ಯಾವುದೆಂದು ಅವಳಿಗೇನು ಗೊತ್ತು? ಹೊಳೆಯುವುದೇ ಹಣೆ ಎಂದುಕೊಂಡು, ನೀರಲ್ಲಿ ಕಲಸಿದ ವಿಭೂತಿಯನ್ನು ಚಿನ್ನದ ಹಲ್ಲಿನ ಮೇಲೆ ಮೂರು ಬೆರಳಿಂದ ಎಳೆದಳು. ನನಗೆ ಒಂದು ಕಾಳಷ್ಟೂ ಇಲ್ಲ. ಡಬ್ಬಿಯೊಳಗೆ ನಾನು ಹಲ್ಲು ಕಡಿದ ಸದ್ದು ಧಾರವಾಡದವರೆಗೆ ಕೇಳಿಸಿರಬೇಕು.

ವೀರೇಶ ಕೆಂಪು ಕೋಟಿನವನನ್ನು ಹಾಗೆಯೇ ಬೋರ್ಡಿನಲ್ಲಿ ಕೂರಿಸಿ ಬಟನ್ ಒತ್ತಿದ. ಫ್ಯಾನ್ ತಿರುಗಿತು, ದೀಪಗಳು ಕುಣಿದವು, ಪರದೆ ಮಾತ್ರ ಕತ್ತಲು. ಬಿಚ್ಚಿದ, ಜೋಡಿಸಿದ, ಬೆವರಿದ. ಬೋರ್ಡೇ ಕೆಟ್ಟಿದೆ, ಹಬ್ಬ ಮುಗಿದು ಅಂಗಡಿ ತೆರೆಯುವತನಕ ದಾರಿಯಿಲ್ಲ ಎಂದ. ಗೆಳತಿಯರ ಫೋನು ಬಡಿದುಕೊಳ್ಳುತ್ತಿತ್ತು. ನೀಲಾ ಅದನ್ನು ಎತ್ತದೆ ಸ್ಕ್ರೂ ಡಬ್ಬಿಗೆ ಕೈ ಹಾಕಿದಳು.

"ಹೊಸಾದ ಏಳವಲ್ದು, ಆ ಮುದುಕ ಏಳತೈತೇನು?" ಎಂದ ವೀರೇಶ.

"ಇದು ನನಗ ಒಮ್ಮಿನೂ ಕೈಕೊಟ್ಟಿಲ್ಲಣ್ಣಾ. ನೀ ಸ್ವಲ್ಪ ಸರಿ."

ಕೆಂಪು ಕೋಟಿನವನನ್ನು ಕಿತ್ತು ಆ ಜಾಗಕ್ಕೆ ನನ್ನನ್ನು ಒತ್ತಿದಳು. ಟಕ್. ಆ ಸಂಜೆ ಹುಬ್ಬಳ್ಳಿಯಲ್ಲಿ ಸೂರ್ಯ ಎರಡನೇ ಸಲ ಹುಟ್ಟಿದ. ಪರದೆ ಬೆಳಗಿತು ಎನ್ನುವುದು ಬಡವರ ಭಾಷೆ.

ಆಮೇಲೆ ನೀಲಾ ಕೆಂಪು ಕೋಟಿನವನನ್ನು ಬೆಳಕಿಗೆ ಹಿಡಿದಳು. ಹಲ್ಲಿನ ತುಂಬ ಒಣಗಿದ ವಿಭೂತಿ! ಹಲ್ಲು ಬೋರ್ಡನ್ನು ಮುಟ್ಟಿಯೇ ಇರಲಿಲ್ಲ. ಪೆನ್ಸಿಲ್ ಗುರುತು ಅಳಿಸುವ ರಬ್ಬರಿನಿಂದ ಗಸಗಸ ತಿಕ್ಕಿದಳು. ಹಬ್ಬದ ದಿನ ವಿಭೂತಿ ಅಳಿಸುವುದೇ ಎಂದು ಚನ್ನವ್ವ ಗೊಣಗಿದಳು.

"ಯವ್ವಾ, ಇನ್ನ ಮುಂದ ಕಂಪ್ಯೂಟರ್ ಡಬ್ಬಿ ಮ್ಯಾಲೆ ಹಚ್ಚು. ಒಳಗಿನವ್ರಿಗೆ ಬ್ಯಾಡ."

ಇಬ್ಬರನ್ನೂ ಜೋಡಿಯಾಗಿ ಕೂರಿಸಿದಾಗ ಅವನೂ ಎದ್ದ. ಹೊತ್ತಿಗೆ ಸರಿಯಾಗಿ ನೀಲಾ ಆಟಕ್ಕೆ ಹೋದಳು. ಅವರ ತಂಡ ಎರಡನೆಯ ಸ್ಥಾನಕ್ಕೆ ಬಂತು. ನಾನಿಲ್ಲದ ತಂಡ ಮೊದಲನೆಯದು ಹೇಗಾಯಿತೋ, ನನಗೆ ಇಂದಿಗೂ ಅರ್ಥವಾಗಿಲ್ಲ.

ಈಗ ನಾವಿಬ್ಬರೂ ಒಂದೇ ಬೋರ್ಡಿನಲ್ಲಿದ್ದೇವೆ. ಅವನ ವೇಗ ನನಗಿಂತ ಹೆಚ್ಚಂತೆ, ಅವನು ಬಂದ ಪೆಟ್ಟಿಗೆಯ ಮೇಲೆ ಬರೆದಿದೆ. ಆದರೆ ಜೋಡಿ ರ‍್ಯಾಮುಗಳು ನಿಧಾನದವನ ನಡಿಗೆಗೇ ನಡೆಯಬೇಕು. ಹಾಗಾಗಿ ದೀಪ ಹೊತ್ತವನು ದಿನವಿಡೀ ನನ್ನ ಹೆಜ್ಜೆಗೆ ಹೆಜ್ಜೆ ಹಾಕುತ್ತಾನೆ.

ನಾಳೆ ನನಗೆ ಜಾಗವೇ ಇಲ್ಲದ ಬೋರ್ಡ್ ಬರಬಹುದು. ಬರಲಿ. ನನ್ನನ್ನು ಕಿತ್ತವರು ಗುಜರಿಗೆ ಹಾಕುವ ಮೊದಲು ಬಟನ್ ಒತ್ತಿ ನೋಡಲಿ. ಪರದೆ ಕತ್ತಲಾಗಿದ್ದರೆ, ನಾನು ಸ್ಕ್ರೂ ಡಬ್ಬಿಯಲ್ಲೇ ಇರುತ್ತೇನೆ.